ಪಾದದ ಗಂಟು ಮುಳುಗುವಷ್ಟು ನೀರು

ಕಾಸರಗೋಡಿನಿಂದ ಹೊರಟ ನಾವಿಬ್ಬರೂ ಮರುದಿನ ಮಧ್ಯಾಹ್ನ ಕುಮಳಿಯಲ್ಲಿ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಕೇರಳದ ಗಡಿಯನ್ನು ಕಾಲ್ನಡಿಗೆಯಲ್ಲಿಯೇ ದಾಟಿ, ಅತ್ತ ಕಡೆ ನಿಂತಿದ್ದ ತಮಿಳುನಾಡಿನ ಬಸ್ಸನ್ನು ಹತ್ತಿದೆವು. ಘಾಟಿಯ ತಿರುವುಗಳನ್ನು ಇಳಿಯುತ್ತ ಹೋದಂತೆ ಮಳೆ ನಿಂತಿತು, ಮಂಜು ಹರಿಯಿತು. ಕೆಳಗಿನ ಲೋವರ್ ಕ್ಯಾಂಪ್ ತಲುಪುವ ಹೊತ್ತಿಗೆ ಕಣ್ಣು ಕಿವುಚುವಂಥ ಬಿಸಿಲು. ಅರ್ಧ ಗಂಟೆಯೊಳಗೆ ಎರಡು ಋತುಗಳನ್ನು ಕಂಡಂತಾಯಿತು. ಮಲೆಯ ಆಚೆ ಸುರಿಯುವ ಮಳೆ ಈಚೆಗೆ ಬರುವುದಿಲ್ಲವೆಂಬುದನ್ನು ಮಕ್ಕಳಿಗೆ ವರ್ಷವರ್ಷವೂ ಭೂಗೋಳದ ಪಾಠದಲ್ಲಿ ಹೇಳಿದ್ದೆ. ಚರ್ಮಕ್ಕೆ ತಾಗಿದ್ದು ಇದೇ ಮೊದಲು.

ನನ್ನ ಜತೆಗಿದ್ದವರು ನಮ್ಮ ಶಾಲೆಯ ಅರಬಿ ಮಾಷ್ಟ್ರು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಅರಬಿ ಕಲಿಸುವವರು, ಮನೆಯಲ್ಲಿ ಬ್ಯಾರಿ ಭಾಷೆ ಆಡುವವರು, ಮಂಜೇಶ್ವರದ ಕಡೆಯವರು. ಇಪ್ಪತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿದ ಸ್ನೇಹ ನಮ್ಮದು. ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಕೊಂಬೈ ಎಂಬ ಊರಿನಲ್ಲಿ, ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗರಿದ್ದಾರೆಂದು ಕೇಳಿದ್ದ ನಾನು, ಕ್ರಿಸ್ಮಸ್ ರಜೆಯಲ್ಲಿ ಹೋಗಿ ಬರೋಣವೆಂದಾಗ, ಅವರು ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಪಳ್ಳಿ ಇದೆಯಲ್ಲ ಮಾಷ್ಟ್ರೇ?" ಇದೆ. ಕಂಬಂ, ಉತ್ತಮಪಾಳಯಂಗಳಲ್ಲಿ ರಾವುತ್ತರ್ ಎಂಬ ತಮಿಳು ಮುಸಲ್ಮಾನರ ದೊಡ್ಡ ವಸತಿಯೇ ಇದೆ. ಕುದುರೆಯೊಂದಿಗೆ ಬಂದ ಹೆಸರು ಅದು. ಉತ್ತಮಪಾಳಯದಲ್ಲಿ ಹಾಜಿ ಕರುತ್ತ ರಾವುತ್ತರ್ ಅವರ ಹೆಸರಿನ ಕಾಲೇಜು 1956ರಿಂದ ನಡೆದುಬಂದಿದೆ.

ಲೋವರ್ ಕ್ಯಾಂಪಿನಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವುದು ಬೆಟ್ಟದಿಂದ ಕೆಳಗಿಳಿಯುವ ನಾಲ್ಕು ದೈತ್ಯ ಕೊಳವೆಗಳು. ಈ ಕಣಿವೆಯ ಅನ್ನವೆಲ್ಲ ಆ ನೀರಿನದೇ. ಪೆರಿಯಾರ್ ಹುಟ್ಟಿನಿಂದ ಪಶ್ಚಿಮಕ್ಕೆ ಹರಿಯುವ ನದಿ. ತನ್ನಷ್ಟಕ್ಕೆ ಬಿಟ್ಟರೆ ಅರಬೀ ಸಮುದ್ರವನ್ನು ಸೇರುವಂಥದು. 1886ರಲ್ಲಿ ತಿರುವಾಂಕೂರಿನ ಮಹಾರಾಜರಿಂದ 999 ವರ್ಷಗಳ ಗೇಣಿಗೆ ಜಾಗ ಪಡೆದ ಬ್ರಿಟಿಷ್ ಸರಕಾರ, ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಅಣೆಕಟ್ಟನ್ನು ಕಟ್ಟಿಸಿ 1895ರಲ್ಲಿ ಮುಗಿಸಿತು. ಗುಡ್ಡದ ಹೊಟ್ಟೆಯನ್ನು ಒಂದು ಮೈಲಿಗೂ ಹೆಚ್ಚು ಕೊರೆದು ನೀರನ್ನು ಪೂರ್ವಕ್ಕೆ, ವೈಗೈ ನದಿಯ ಕಡೆಗೆ ತಿರುಗಿಸಿತು. ಇಲ್ಲಿನ ಮನೆಗಳಲ್ಲಿ ದೇವರ ಪಟಗಳ ಜತೆಗೆ ಆ ಎಂಜಿನಿಯರನ ಪಟವೂ ಇರುತ್ತದೆ. ಪಾಲಾರ್ಪಟ್ಟಿ ಎಂಬ ಹಳ್ಳಿಯಲ್ಲಿ ಅವನ ಹೆಸರಿನಲ್ಲಿ ಪೊಂಗಲ್ ಉಕ್ಕಿಸುತ್ತಾರೆ.

ಆಚೆ ಕೇರಳದವರಿಗೆ ಇದೇ ಅಣೆಕಟ್ಟು ನಿದ್ದೆಗೆಡಿಸುವ ಸಂಗತಿ. ನೀರಿನ ಮಟ್ಟವನ್ನು 1979ರಲ್ಲಿ 136 ಅಡಿಗೆ ಇಳಿಸಿದ್ದು, 2014ರಲ್ಲಿ ಸುಪ್ರೀಂ ಕೋರ್ಟು 142 ಅಡಿಗೆ ಏರಿಸಲು ಒಪ್ಪಿದ್ದು, ಇವೆಲ್ಲ ಪತ್ರಿಕೆ ಓದುವವರಿಗೆ ಗೊತ್ತಿರುವುದೇ. ಕೇರಳದ ಸಂಬಳ ಉಣ್ಣುವ ನಾವು ತಮಿಳುನಾಡಿನ ಬಸ್ಸಿನಲ್ಲಿ ಕುಳಿತು ಆ ಕುರಿತು ಗಟ್ಟಿಯಾಗಿ ಮಾತಾಡಲಿಲ್ಲ. "ಇದು ಸರಕಾರಿ ಸುರಂಗ, ನಿಮ್ಮದು ಖಾಸಗಿ ಸುರಂಗ" ಎಂದಷ್ಟೇ ಅರಬಿ ಮಾಷ್ಟ್ರು ನಕ್ಕರು.

ನಮ್ಮ ಜಿಲ್ಲೆಯ ಓದುಗರಿಗೆ ಸುರಂಗವನ್ನು ಪರಿಚಯಿಸಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಎರಡು ಮಾತು. ಬಾವಿಯನ್ನು ನೆಲಕ್ಕೆ ನೇರವಾಗಿ ತೋಡುವ ಬದಲು ಗುಡ್ಡದ ಬದಿಯಿಂದ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟು ಅಗಲಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ಹೊರಗೆ ಹರಿಸಿಕೊಳ್ಳುವುದೇ ಸುರಂಗ. ಪಂಪು ಬೇಡ, ಹಗ್ಗ ಬೇಡ. ಇಂಥವು ಕಾಸರಗೋಡಿನ ಗುಡ್ಡಗಳಲ್ಲಿ ಸಾವಿರಾರು ಇವೆ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಕಾರೇಜ್ ಎಂಬ ನೆಲದಡಿಯ ಕಾಲುವೆಯಿದೆ. ಅದು ಪರ್ಶಿಯಾದಿಂದ ಬಂದ ವಿದ್ಯೆ. ನಮ್ಮ ಸುರಂಗವೂ ಅರಬರ, ಪರ್ಶಿಯನ್ನರ ಹಡಗುಗಳ ಜತೆಗೆ ಕರಾವಳಿಗೆ ಬಂದಿರಬಹುದೆಂದು ಕೆಲವರು, ಇಲ್ಲ, ಇಲ್ಲಿಯದೇ ಎಂದು ಕೆಲವರು; ಪಂಡಿತರಲ್ಲಿ ಒಮ್ಮತವಿಲ್ಲ. ನಮ್ಮ ಮನೆಯ ಹಿಂದೆ ಅಜ್ಜ ತೋಡಿಸಿದ ಸುರಂಗವೊಂದಿದೆ. ಅದರ ಸಂಗತಿಗೆ ಕೊನೆಯಲ್ಲಿ ಬರುತ್ತೇನೆ.

ರಾತ್ರಿ ಉತ್ತಮಪಾಳಯದಲ್ಲಿ ಉಳಿದು, ಬೆಳಿಗ್ಗೆ ಕೊಂಬೈಗೆ ಹೋದೆವು. ಉತ್ತಮಪಾಳಯದಿಂದ ಬೋಡಿನಾಯಕನೂರಿಗೆ ಹೋಗುವ ದಾರಿಯಲ್ಲಿ ಮೊದಲು ಸಿಗುವ ದೊಡ್ಡ ಊರು ಇದು. ಮುಂದಿನದು ಪಣ್ಣೈಪುರಂ, ಸಂಗೀತಗಾರ ಇಳಯರಾಜಾ ಹುಟ್ಟಿದ ಊರು. ಊರಿನ ಬೆನ್ನಿಗೇ ಸಹ್ಯಾದ್ರಿ ಗೋಡೆಯಂತೆ ಎದ್ದು ನಿಂತಿದೆ. ಆ ಗೋಡೆಯ ನೆತ್ತಿಯ ಮೇಲೆ ಕೇರಳದ ರಾಮಕ್ಕಲ್‌ಮೇಡು. ಅಲ್ಲಿನ ಗಾಳಿಯಂತ್ರಗಳ ರೆಕ್ಕೆಗಳು ತಿರುಗುವುದು ಕೆಳಗಿನಿಂದ ಕಾಣುತ್ತದೆ. ಬೆಳಗಿನ ಕತ್ತಲಲ್ಲೇ ಜೀಪು ತುಂಬಿಕೊಂಡು ಏಲಕ್ಕಿ ತೋಟಗಳ ಕೆಲಸಕ್ಕೆ ಬೆಟ್ಟ ಹತ್ತುವ ಹೆಂಗಸರು ಸಂಜೆ ಇಳಿದು ಬರುತ್ತಾರೆ. ಊರಿನ ಸುತ್ತ ತೆಂಗು, ಬಾಳೆ, ದ್ರಾಕ್ಷಿ. ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಪರಿಚಯದವರೊಬ್ಬರ ಮೂಲಕ ಗೊತ್ತುಮಾಡಿಕೊಂಡಿದ್ದ ಮನೆಯ ಹಿರಿಯರು ಜಗಲಿಯಲ್ಲೇ ಕುಳಿತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಬೀದಿಯವರೊಡನೆ ತಮಿಳಿನಲ್ಲಿ ಮಾತಾಡುತ್ತಿದ್ದವರು ನಮ್ಮನ್ನು ಕಂಡು, "ಬನ್ನಿ, ಕೂರಿ, ನೀರು ಕುಡೀರಿ" ಎಂದರು. ಆರುನೂರು ಕಿಲೋಮೀಟರು ದಾಟಿ ಬಂದ ಕಿವಿಗೆ ಆ ಮೂರು ಮಾತು ಸಾಕಾಗಿತ್ತು. ಕೇಳುತ್ತ ಕುಳಿತಂತೆ ಅವರ ಕನ್ನಡದೊಳಗೆ ತಮಿಳಿನ ಎಳೆಗಳು ಕಾಣತೊಡಗಿದವು. ಆದರೆ ಮನೆ, ಹಾಲು, ದನ, ನೆಂಟರು, ದೇವರು, ಇವೆಲ್ಲ ನಮ್ಮವೇ. ಓದಲು ಬರೆಯಲು ಮಾತ್ರ ಮನೆಯಲ್ಲಿ ಯಾರಿಗೂ ಬಾರದು. ಅಕ್ಷರವೆಲ್ಲ ತಮಿಳಿನದು, ಒಲೆಯ ಬಳಿಯ ಮಾತು ಕನ್ನಡದ್ದು. ಏಳೆಂಟು ವರ್ಷದ ಮೊಮ್ಮಗಳು ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಲು ಕೇಳಿದಳು. ಬರೆದುಕೊಟ್ಟವರು ಅರಬಿ ಮಾಷ್ಟ್ರು. ಅವಳು ಆ ಕಾಗದವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದಳು.

ಕೊಂಬೈಯ ಹೆಸರು ಹೊರಗಿನವರಿಗೆ ಗೊತ್ತಿರುವುದು ಅಲ್ಲಿನ ನಾಯಿಗಳಿಂದ. ಕಂದು ಮೈ, ಕಪ್ಪು ಮೂತಿ, ಗಟ್ಟಿ ದವಡೆ. ಬೇಟೆಗೂ ಕಾವಲಿಗೂ ಹೆಸರಾದ ತಳಿ. 2020ರಲ್ಲಿ ಪ್ರಧಾನಿಯವರು ಆಕಾಶವಾಣಿಯ ಭಾಷಣದಲ್ಲಿ ದೇಶೀ ನಾಯಿಗಳನ್ನು ಎಣಿಸುವಾಗ ನಮ್ಮ ಮುಧೋಳದ ಜತೆಗೆ ಇದರ ಹೆಸರನ್ನೂ ಹೇಳಿದ್ದರು. ಈ ಮನೆಯಲ್ಲಿಯೂ ಒಂದಿತ್ತು. ಕಟ್ಟಿಹಾಕಿದ್ದರೂ ಅರಬಿ ಮಾಷ್ಟ್ರು ಜಗಲಿಯ ಇನ್ನೊಂದು ತುದಿಯನ್ನು ಆರಿಸಿಕೊಂಡರು. ಅವರು ಅನುಸರಿಸುವ ಶಾಫಿ ಪದ್ಧತಿಯಲ್ಲಿ ನಾಯಿಯ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲೊಂದು ಸಲ ಮಣ್ಣು ಬೆರೆಸಿದ ನೀರಿನಿಂದ. ನಾನು ಅದನ್ನು ನೆನೆದು ಮುಸಿಮುಸಿ ನಕ್ಕೆ.

ಬಿಸಿಲು ಏರಿತು. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು; ಅದರ ಬೋಗುಣಿ ಬರಿದಾಗಿತ್ತು. ಮನೆಯವರು ಒಳಗೆ ಅಡುಗೆಯ ಗಡಿಬಿಡಿಯಲ್ಲಿದ್ದರು. ಅರಬಿ ಮಾಷ್ಟ್ರು ಎದ್ದು, ಅಂಗಳದಲ್ಲಿ ಬಿದ್ದಿದ್ದ ಗೆರಟೆಯೊಂದಕ್ಕೆ ತಮ್ಮ ಬಾಟಲಿಯ ನೀರನ್ನು ಬಗ್ಗಿಸಿ, ಉದ್ದನೆಯ ಕೋಲಿನಿಂದ ಅದರ ಮುಂದಕ್ಕೆ ತಳ್ಳಿದರು. ಅದು ನೆಕ್ಕಿ ಮುಗಿಸಿದ ಮೇಲೆ ಇನ್ನೊಂದು ಗೆರಟೆ. ನನ್ನ ಮುಖ ನೋಡಿ ಅವರೇ ಹೇಳಿದರು. ಬಾಯಾರಿ ಬಾವಿಗಿಳಿದು ನೀರು ಕುಡಿದು ಮೇಲೆ ಬಂದ ದಾರಿಹೋಕನೊಬ್ಬ, ಒದ್ದೆ ಮಣ್ಣನ್ನು ನೆಕ್ಕುತ್ತಿದ್ದ ನಾಯಿಯನ್ನು ಕಂಡು ಮತ್ತೆ ಇಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಲೇರಿ ಕುಡಿಸಿದನಂತೆ. ಅಷ್ಟಕ್ಕೇ ಅವನ ಪಾಪಗಳು ಕ್ಷಮೆಯಾದವೆಂದು ಪ್ರವಾದಿಯವರು ಹೇಳಿದರಂತೆ. "ಮದ್ರಸದಲ್ಲಿ ನಾನು ಮೊದಲು ಕಲಿತ ಕತೆ ಇದು. ಮುಟ್ಟಬಾರದೆಂಬುದು ಬೇರೆ, ನೀರು ಕೊಡಬೇಕೆಂಬುದು ಬೇರೆ. ಎರಡೂ ಇವೆ" ಎಂದರು. ನನ್ನ ನಗು ಅಲ್ಲಿಗೆ ನಿಂತಿತು.

ಊಟದ ನಂತರ ಹಿರಿಯರು ನಮ್ಮನ್ನು ಊರಾಚೆಯ ಕೆರೆಗೆ ಕರೆದೊಯ್ದರು. ಕೆರೆಯನ್ನು ಇಲ್ಲಿ ಕಣ್ಮಾಯ್ ಎನ್ನುತ್ತಾರೆ. ಕಣಿವೆಯ ತಗ್ಗಿನಲ್ಲಿ, ನದಿಯ ಇಕ್ಕೆಲಗಳಲ್ಲಿ 14,707 ಎಕರೆ ಭತ್ತದ ಗದ್ದೆಗಳಿಗೆ ಪೆರಿಯಾರಿನ ನೀರು ಎರಡು ಬೆಳೆಗೆ ಸಿಗುತ್ತದೆ. ಆದರೆ ಕೊಂಬೈ, ತೇವಾರಂ ಇರುವುದು ಎತ್ತರದ ಮಗ್ಗುಲಲ್ಲಿ, ಬೆಟ್ಟದ ಬುಡದಲ್ಲಿ. ಇವುಗಳಿಗೆಂದು ಹದಿನೆಂಟನೆಯ ಕಾಲುವೆಯನ್ನು ತೋಡಿದ್ದಾರೆ. ಅಣೆಕಟ್ಟಿನಲ್ಲಿ ಸಾಕಷ್ಟು ನೀರಿದ್ದ ವರ್ಷ ಮಾತ್ರ ಅದನ್ನು ತೆರೆಯುತ್ತಾರೆ. ಆ ನೀರು ಕೆರೆಯಿಂದ ಕೆರೆಗೆ ತುಂಬುತ್ತ ಬರುತ್ತದೆ. ನಾವು ಹೋದಾಗ ಕೆರೆಯ ಅರ್ಧದಷ್ಟು ನೀರಿತ್ತು. "ಇದು ತುಂಬಿದರೆ ನಮ್ಮ ಬಾವಿಗಳಲ್ಲಿ ನೀರು ಏರುತ್ತೆ. ತುಂಬದಿದ್ದರೆ ಬೋರು. ಬೋರು ಬತ್ತಿದರೆ ಇನ್ನೂ ಆಳಕ್ಕೆ ಬೋರು" ಎಂದು ಹಿರಿಯರು ಕೈಯನ್ನು ನೆಲದ ಕಡೆಗೆ ಇಳಿಸುತ್ತ ಹೋದರು.

ದನಗಳ ಮಾತೂ ಬಂತು. ಕಂಬಂನಲ್ಲಿ ಒಕ್ಕಲಿಗರು ನಂದಗೋಪಾಲಸ್ವಾಮಿಯ ಹೆಸರಿನಲ್ಲಿ ಸಾಕುವ 'ತಂಬಿರಾನ್ ಮಾಡು' ಎಂಬ ದೇವರ ದನಗಳ ಹಟ್ಟಿಯಿದೆ; ಮಾಟ್ಟು ಪೊಂಗಲಿನಂದು ಊರೆಲ್ಲ ಅಲ್ಲಿ ನೆರೆಯುತ್ತದೆ. ಬೆಟ್ಟದಲ್ಲಿ ಮೇಯುವ ಮಲೆದನಗಳ ಮಂದೆಗಳೂ ಈ ಸೀಮೆಯಲ್ಲಿವೆ. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಗಮಲೈ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಮರುವರ್ಷದ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟು ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಿ, ಬಳಿಕ ಆ ಆಜ್ಞೆಯನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಪ್ರದೇಶಗಳಿಗೆ ಸೀಮಿತಗೊಳಿಸಿತು. ಕಾಡೂ ಉಳಿಯಬೇಕು, ಮಂದೆಯೂ ಉಳಿಯಬೇಕು ಎನ್ನುವವನಿಗೆ ಸುಲಭದ ಉತ್ತರವಿಲ್ಲ, ಹಿರಿಯರೂ ಹೇಳಲಿಲ್ಲ. ಅರಬಿ ಮಾಷ್ಟ್ರು ಮಾತ್ರ, ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರೆಂಬ ಪ್ರವಾದಿವಚನವಿದೆಯೆಂದೂ, ಅದರ ಜತೆಗೇ ಮೇಯಿಸದೆ, ಕಡಿಯದೆ ಕಾದಿಡುವ 'ಹಿಮಾ' ಎಂಬ ಮೀಸಲು ಹುಲ್ಲುಗಾವಲಿನ ಕ್ರಮವೂ ಅರಬರಲ್ಲಿತ್ತೆಂದೂ ಹೇಳಿದರು. ಹಿರಿಯರು, "ಹಾಗಾದರೆ ನಿಮ್ಮಲ್ಲೂ ಈ ಜಗಳ ಇತ್ತು ಅನ್ನಿ" ಎಂದರು.

ಮರುದಿನ ಶುಕ್ರವಾರ. ಜುಮಾ ನಮಾಜಿಗೆ ಅರಬಿ ಮಾಷ್ಟ್ರು ಉತ್ತಮಪಾಳಯದ ಪಳ್ಳಿಗೆ ಹೋದರು. ನಾನು ಹೊರಗೆ ಬೇವಿನ ಮರದ ನೆರಳಲ್ಲಿ ನಿಂತೆ. ನಲ್ಲಿಗಳ ಸಾಲಿನಲ್ಲಿ ಕುಳಿತು ಕೈಕಾಲು ತೊಳೆಯುತ್ತಿದ್ದ ಹುಡುಗನೊಬ್ಬ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ಪಕ್ಕದವನೊಡನೆ ಹರಟುತ್ತಿದ್ದ. ಬಿಳಿಗಡ್ಡದ ಒಬ್ಬರು ಬಂದು, ಏನನ್ನೂ ಹೇಳದೆ ಆ ನಲ್ಲಿಯನ್ನು ನೂಲಿನಷ್ಟು ಸಣ್ಣಗೆ ಮಾಡಿ ಮುಂದೆ ಹೋದರು. ವುಳೂ ಮಾಡಲು ಪ್ರವಾದಿಯವರಿಗೆ ಒಂದು ಮುದ್ದ್ ನೀರು ಸಾಕಾಗುತ್ತಿತ್ತಂತೆ. ಎರಡು ಬೊಗಸೆಯ ಅಳತೆ, ಲೀಟರಿಗೂ ಕಡಿಮೆ. ಹರಿಯುವ ಹೊಳೆಯ ದಂಡೆಯಲ್ಲಿ ಕುಳಿತವನೂ ನೀರನ್ನು ದುಂದು ಮಾಡಬಾರದೆಂಬ ಮಾತೂ ಇದೆಯಂತೆ. ಇದು ಮರುಭೂಮಿಯ ಜಿಪುಣತನವೆಂದು ನಾನು ಮೊದಲು ತಿಳಿದಿದ್ದೆ. ಹೊಳೆಯ ದಂಡೆಯಲ್ಲೂ ಎಂದ ಮೇಲೆ ಅದು ಕೊರತೆಯ ಲೆಕ್ಕವಲ್ಲ, ನಡತೆಯ ಲೆಕ್ಕ.

ನಲ್ಲಿ ಸಣ್ಣಗೆ ಮಾಡಿದ ಆ ಹಿರಿಯರೇ ನಮಾಜಿನ ಬಳಿಕ ಅರಬಿ ಮಾಷ್ಟ್ರ ಜತೆ ಮಾತಾಡುತ್ತ ಹೊರಬಂದರು. ತಮ್ಮ ಗದ್ದೆಗೆ ಬರಲೇಬೇಕೆಂದು ನಮ್ಮಿಬ್ಬರನ್ನೂ ಎಳೆದುಕೊಂಡು ಹೋದರು. ಊರೆಲ್ಲ ಅವರನ್ನು 'ಭಾಯ್' ಎನ್ನುತ್ತಿತ್ತು. ಅವರ ಮಗ 'ಅತ್ತಾ' ಎಂದು ಕರೆದಾಗ ನಾನು ಯಾವ ಅತ್ತೆ ಬಂದರೆಂದು ಹಿಂದೆ ನೋಡಿದೆ. ರಾವುತ್ತರಲ್ಲಿ ತಂದೆಗೆ ಹಾಗೆನ್ನುತ್ತಾರೆ. ಎರಡನೆಯ ಬೆಳೆಯ ಭತ್ತ ಹಸಿರಾಗಿ ನಿಂತಿತ್ತು. ಗದ್ದೆಯಲ್ಲಿ ನೀರು ತೆಳ್ಳಗೆ ನಿಂತಿತ್ತು. ಬದುವಿನ ಒಂದು ಕಡೆ ಮಣ್ಣನ್ನು ಗೇಣಗಲ ಕಡಿದು ಕೆಳಗಿನ ಗದ್ದೆಗೆ ದಾರಿ ಮಾಡಿದ್ದರು. ಕೆಳಗಿನದು ಬೇರೆಯವರದು, ಒಬ್ಬ ಗೌಡರದ್ದು.

ನಿಮ್ಮ ಗದ್ದೆ ತುಂಬುವ ಮೊದಲೇ ಏಕೆ ಬಿಟ್ಟಿರಿ ಎಂದು ನಾನು ಕೇಳಿದೆ. ಅವರು ತಮಿಳಿನಲ್ಲಿ ಹೇಳಿದ್ದನ್ನು ಅರಬಿ ಮಾಷ್ಟ್ರು ಕನ್ನಡಕ್ಕೆ ತಂದರು. ಮದೀನಾದಲ್ಲಿ ಮಹ್ಜೂರ್ ಎಂಬ ಮಳೆಹಳ್ಳವಿತ್ತು. ಅದರ ನೀರಿಗಾಗಿ ಮೇಲಿನ ತೋಟದವರಿಗೂ ಕೆಳಗಿನವರಿಗೂ ವ್ಯಾಜ್ಯ. ಪ್ರವಾದಿಯವರು ತೀರ್ಪು ಕೊಟ್ಟರು: ಮೇಲಿನವನು ಪಾದದ ಗಂಟು ಮುಳುಗುವಷ್ಟು ನೀರನ್ನು ನಿಲ್ಲಿಸಿಕೊಳ್ಳಲಿ, ಆಮೇಲೆ ಕೆಳಗಿನವನಿಗೆ ಬಿಡಲಿ. ಭಾಯ್ ಪಂಚೆಯನ್ನೆತ್ತಿ ಗದ್ದೆಗಿಳಿದು ನಿಂತು ತೋರಿಸಿದರು. ನೀರು ಅವರ ಪಾದದ ಗಂಟಿನ ಮೂಳೆಯನ್ನು ಸರಿಯಾಗಿ ಸವರುತ್ತಿತ್ತು. ಭತ್ತಕ್ಕೂ ಅಷ್ಟೇ ಸಾಕು ಎಂದರು. ಸರಕಾರದ ಸರದಿಯಿದೆ, ನೀರಗಂಟಿಯಿದ್ದಾನೆ. ಆದರೂ ರಾತ್ರಿ ಬದು ಕಡಿಯುವವರು, ಕಟ್ಟುವವರು ಇದ್ದೇ ಇರುತ್ತಾರೆ. ಅವರಲ್ಲಿ ಐದು ಹೊತ್ತು ನಮಾಜು ಮಾಡುವವರೂ ಇದ್ದಾರೆ ಎಂದು ನಕ್ಕರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

2015ರಲ್ಲಿ ಇಸ್ತಾಂಬುಲಿನಲ್ಲಿ ಸೇರಿದ ಮುಸ್ಲಿಂ ವಿದ್ವಾಂಸರು ಹವಾಮಾನ ಬದಲಾವಣೆಯ ಕುರಿತು ಒಂದು ಘೋಷಣೆ ಹೊರಡಿಸಿದರು. 2024ರಲ್ಲಿ 'ಅಲ್ ಮೀಜಾನ್', ಅಂದರೆ ತಕ್ಕಡಿ, ಎಂಬ ಹೆಸರಿನ ಇನ್ನೊಂದು ಬಂತು. ಕುರ್‌ಆನ್ ಲೋಕದ ಸಮತೋಲಕ್ಕೆ ಬಳಸುವ ಮಾತು ಅದು. ಒಳ್ಳೆಯವೇ. ಆದರೆ ಬದುವಿನ ಮೇಲೆ ನಿಂತಿದ್ದ ನನಗೆ ಆ ದೊಡ್ಡ ಪತ್ರಗಳಿಗಿಂತ ಆ ಮೂಳೆಯೇ ಹೆಚ್ಚು ಸ್ಪಷ್ಟವಾಗಿ ಕಂಡಿತು. ಎಲ್ಲರ ಕಾಲಿನಲ್ಲೂ ಇರುವ ಅಳತೆಗೋಲು. ಅಣೆಕಟ್ಟಿನ 142 ಅಡಿಯ ಹಾಗೆ ವಕೀಲರು ಬಂದು ಓದಿ ಹೇಳಬೇಕಾಗಿಲ್ಲ.

ಸ್ಪಷ್ಟವಾದದ್ದಕ್ಕೆ ಬೇರೆ ಕಾರಣವೂ ಇತ್ತು. ನಮ್ಮ ಮನೆಯ ಸುರಂಗದ ನೀರು ಅಜ್ಜನ ಕಾಲದಿಂದಲೂ ಮಣ್ಣಿನ ಟಾಂಕಿಯೊಂದರಲ್ಲಿ ನಿಂತು, ಅಡಿಕೆ ತೋಟಕ್ಕಾಗಿ ಮಿಕ್ಕಿದ್ದು ಕೋಡಿಯಲ್ಲಿ ಹೊರಬಿದ್ದು, ಕೆಳಗಿನ ಮನೆಯವರ ತೋಟಕ್ಕೆ ಹೋಗುತ್ತಿತ್ತು. ನಾಲ್ಕು ವರ್ಷದ ಹಿಂದೆ ನಾನು ಸಿಮೆಂಟಿನ ದೊಡ್ಡ ಟಾಂಕಿ ಕಟ್ಟಿಸಿ, ಕೋಡಿಯನ್ನು ಎರಡಡಿ ಮೇಲಕ್ಕೆ ಏರಿಸಿದೆ. ಜನವರಿ ಕಳೆದ ಮೇಲೆ ಕೆಳಗೆ ಒಂದು ಹನಿಯೂ ಹೋಗುವುದಿಲ್ಲ. ಸುರಂಗ ನನ್ನದು, ಜಾಗ ನನ್ನದು, ಯಾರೂ ಕೇಳುವಂತಿಲ್ಲ. ಕೆಳಗಿನವರು ಕೇಳಲೂ ಇಲ್ಲ. ಮಾತು ಬಿಟ್ಟರು, ಆಮೇಲೆ ಬೋರು ಹಾಕಿಸಿದರು. ಆ ಬೋರು ಬಂದ ಮೇಲೆ ನನ್ನ ಸುರಂಗದ ನೀರೂ ಸಣ್ಣಗಾಗಿದೆಯೇ ಎಂಬ ಅನುಮಾನ ನನಗೆ. ಅರಬಿ ಮಾಷ್ಟ್ರಿಗೆ ಇದೆಲ್ಲ ಗೊತ್ತು. ಗದ್ದೆಯ ಬದುವಿನಲ್ಲಿ ಅವರು ಅನುವಾದ ಮುಗಿಸಿ ನನ್ನ ಮುಖ ನೋಡಲಿಲ್ಲ, ಬೆಟ್ಟವನ್ನು ನೋಡುತ್ತ ನಿಂತರು. ಅದೂ ಒಂದು ಬಗೆಯ ಸ್ನೇಹ.

ಹೊರಡುವಾಗ ಭಾಯ್ ಒಂದು ಬುಟ್ಟಿ ದ್ರಾಕ್ಷಿ ಕೊಟ್ಟರು. ಕುಮಳಿಯ ಘಾಟಿ ಹತ್ತುವಾಗ ಮತ್ತೆ ಮಂಜು, ಮತ್ತೆ ಮಳೆ. ಹಿಂತಿರುಗುವ ರೈಲಿನಲ್ಲಿ ನಾವು ಮಾತಾಡಿದ್ದು ಆ ಹುಡುಗಿಗೆ ಕನ್ನಡ ಅಕ್ಷರಮಾಲೆಯ ಪುಸ್ತಕ ಕಳಿಸುವ ಬಗ್ಗೆ. ಶಾಲೆ ತೆರೆದ ವಾರವೇ ಕಳಿಸಿದೆವು. ತಲುಪಿತೆಂದು ಅವಳ ತಂದೆ ಫೋನು ಮಾಡಿದರು.

ಜನವರಿಯ ಎರಡನೆಯ ಭಾನುವಾರ ಮೇಸ್ತ್ರಿಯೊಬ್ಬರನ್ನು ಕರೆಸಿ ಟಾಂಕಿಯ ಗೋಡೆಯನ್ನು ಕೊರೆಯಿಸಿದೆ. ತೂತು ಎಷ್ಟು ಎತ್ತರದಲ್ಲಿರಬೇಕೆಂದು ಅವರು ಕೇಳಿದರು. ಟಾಂಕಿಗೆ ಪಾದದ ಗಂಟಿನ ಲೆಕ್ಕ ಹೊಂದುವುದಿಲ್ಲ. ತೋಟಕ್ಕೆ ದಿನಕ್ಕೆಷ್ಟು ಬೇಕೆಂದು ಎರಡು ದಿನ ಅಳೆದು ನೋಡಿ ಗುರುತು ಹಾಕಿದ್ದೆ. ಹಳೆಯ ಕೋಡಿಗಿಂತ ಅದು ನಾಲ್ಕು ಬೆರಳು ಕೆಳಗೇ ಬಂತು. ಸಂಜೆ ಕೊಳವೆಯಿಂದ ನೀರು ಇಳಿಯತೊಡಗಿದಾಗ ಕೆಳಗಿನ ಮನೆಯವರು ಅಂಗಳಕ್ಕೆ ಬಂದು ನಿಂತು ನೋಡಿದರು. ಇನ್ನೂ ಮಾತಾಡಿಲ್ಲ. ಏಪ್ರಿಲಿನಲ್ಲಿಯೂ ಇಷ್ಟೇ ಇಳಿಯುತ್ತದೆಯೇ ಎಂದು ನೋಡಬೇಕು.